ಕ್ಲಾಸ್‌ರೂಮ್ ಡಬ್ಬಿ: ಫೋನ್ ಈಗ ವೈಫೈ ಬಿಟ್ಟು ಓಡುತ್ತಿಲ್ಲ

ಕೊನೆಗೂ ಆಯಿತು! ಟೀಚರ್ ಫೋನ್, ಇಂಟರ್ನೆಟ್ ಇಲ್ಲದೆ ತರಗತಿಗೆ ಪಾಠ ತೋರಿಸುವ ನಮ್ಮ ಡಬ್ಬಿಯ ವೈಫೈಗೆ ಸೇರಿ, ಪೀರಿಯಡ್ ಮುಗಿಯುವವರೆಗೂ ಅಲ್ಲೇ ಇತ್ತು. ಡಬ್ಬಿಯೊಳಗಿನ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈಗೆ ಕೋಲಿಬ್ರಿ, ಕಿವಿಕ್ಸ್ (ಇಂಟರ್ನೆಟ್ ಇಲ್ಲದೆ ಪಾಠ, ಪುಟ ತೋರಿಸುವ ತಂತ್ರಾಂಶಗಳು) ಹಾಕುವುದು, ಇಡೀ ತರಗತಿಗೆ ಪೈನ ಸ್ವಂತ ವೈಫೈ ಸಾಲದೆ ವೈಫೈ ಹಂಚುವ ಬೇರೆ ಆಕ್ಸೆಸ್ ಪಾಯಿಂಟ್ ಜೋಡಿಸುವುದು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ. ನನ್ನ ತಲೆ ತಿಂದದ್ದು ಬೇರೆ.

ಡಬ್ಬಿಯಲ್ಲಿ ಪಾಠ, ವಿಡಿಯೋ, ಕ್ವಿಜ್ ಎಲ್ಲ ಇವೆ. ಇಂಟರ್ನೆಟ್ ಮಾತ್ರ ಇಲ್ಲ, ಬೇಕಾಗಿಯೂ ಇಲ್ಲ. ಆದರೆ ಅದನ್ನು ಫೋನ್‌ಗೆ ಒಪ್ಪಿಸುವವರು ಯಾರು? ಟೀಚರ್ ವೈಫೈಗೆ ಸೇರುತ್ತಾರೆ, ವಿಳಾಸ ಟೈಪ್ ಮಾಡುತ್ತಾರೆ, ಪುಟ ತೆರೆಯುವುದಿಲ್ಲ. ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿರುತ್ತದೆ. ವೈಫೈ ಗುರುತಿನ ಪಕ್ಕ ಒಂದು ಪುಟ್ಟ ಆಶ್ಚರ್ಯಸೂಚಕ ಚಿಹ್ನೆ, ಅಷ್ಟೇ. ಮಕ್ಕಳು ಗಲಾಟೆ ಶುರುಮಾಡಿರುವಾಗ ಅದನ್ನು ಯಾರು ನೋಡುತ್ತಾರೆ? "ಇದು ನಡೆಯಲ್ಲ ಬಿಡಿ" ಅಂದು ಸೀಮೆಸುಣ್ಣ ತೆಗೆದುಕೊಳ್ಳುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

"ಮೊದಲು ಡೇಟಾ ಆಫ್ ಮಾಡಿ" ಅಂತ ತರಬೇತಿಯಲ್ಲಿ ಹೇಳಿಕೊಟ್ಟರೆ ಸಾಲದೇ ಅಂತ ಕೆಲವರು ಕೇಳಿದರು. ಸಾಲದು. ಆಫ್ ಮಾಡಿದ್ದನ್ನು ಆನ್ ಮಾಡಲು ಮರೆತು, ಹೆಡ್‌ಮಾಸ್ಟರ್ ಮೆಸೇಜ್ ತಪ್ಪಿಹೋದರೆ ಬೈಗುಳ ಡಬ್ಬಿಗೇ ಬರುತ್ತದೆ. ಪಾಠ ಮಾಡುವವರು ಪಾಠದ ಬಗ್ಗೆ ಯೋಚಿಸಬೇಕು, ಸೆಟ್ಟಿಂಗ್ಸ್ ಬಗ್ಗೆ ಅಲ್ಲ.

ಒಳಗೆ ನಡೆಯುವುದು ಇಷ್ಟು. ವೈಫೈಗೆ ಸೇರಿದ ತಕ್ಷಣ ಇಲ್ಲಿ ಇಂಟರ್ನೆಟ್ ಇದೆಯಾ ಅಂತ ಆಂಡ್ರಾಯ್ಡ್ ಗೂಗಲ್‌ನ ಒಂದು ವಿಳಾಸಕ್ಕೆ ಎಚ್‌ಟಿಟಿಪಿಯಲ್ಲಿ (ಸಾದಾ ವೆಬ್ ಸಂಪರ್ಕ) ವಿಚಾರಿಸುತ್ತದೆ. 204 ಅನ್ನುವ ಸಂಕೇತದ ಖಾಲಿ ಉತ್ತರ ಬರಬೇಕು. ಜೊತೆಗೇ ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ನಲ್ಲೂ ಕೇಳುತ್ತದೆ. ಮೊದಲನೆಯದಕ್ಕೆ ನಾವೇ ಉತ್ತರಿಸಬಹುದು. ಎರಡನೆಯದಕ್ಕೆ ಗೂಗಲ್‌ನ ಗುರುತು ಸಾಬೀತುಪಡಿಸುವ ಸರ್ಟಿಫಿಕೇಟ್ ಬೇಕು, ಅದನ್ನು ನಮಗೆ ಯಾರು ಕೊಡುತ್ತಾರೆ!

ಎಲ್ಲರೂ ಹೇಳುವ ದಾರಿ, ಹೋಟೆಲ್ ವೈಫೈನ ಲಾಗಿನ್ ಪುಟದ ಹಾಗೆ ಆ ವಿಚಾರಣೆಯನ್ನು ನಮ್ಮ ಪುಟಕ್ಕೆ ತಿರುಗಿಸುವುದು. ನೋಡಲು ಸೊಗಸು, ಪಾಠದ ಪುಟ ತಾನಾಗೇ ತೆರೆದುಕೊಳ್ಳುತ್ತದೆ. ಆದರೆ ಆ ಕಿಟಕಿ ಪೂರ್ತಿ ಬ್ರೌಸರ್ ಅಲ್ಲ. ಅದನ್ನು ಮುಚ್ಚಿದರೆ ಫೋನ್ ಮತ್ತೆ ಡೇಟಾ ಕಡೆ ಹೊರಟಿತು.

ಕೊನೆಗೆ ಕೈಹಿಡಿದದ್ದು ಒಂದು ಅರ್ಧ ಸುಳ್ಳು. ಡಿಎನ್‌ಎಸ್‌ಮಾಸ್ಕ್‌ನಲ್ಲಿ (ವೆಬ್‌ಸೈಟ್ ಹೆಸರು ಕೇಳಿದರೆ ಅದರ ವಿಳಾಸ ಹೇಳುವ ತಂತ್ರಾಂಶ) ಎಲ್ಲ ಹೆಸರಿಗೂ ಡಬ್ಬಿಯ ವಿಳಾಸವನ್ನೇ ಕೊಡಿಸಿದೆ. ಪುಟಗಳನ್ನು ಕಳಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಆ ಎಚ್‌ಟಿಟಿಪಿ ವಿಚಾರಣೆಗೆ 204 ವಾಪಸ್ ಕಳಿಸಿದೆ. 443ನೇ ಪೋರ್ಟ್‌ಗೆ (ಎಚ್‌ಟಿಟಿಪಿಎಸ್ ಬರುವ ಬಾಗಿಲು) ಬರುವುದನ್ನು ಫೈರ್‌ವಾಲ್‌ನಲ್ಲಿ ಸುಮ್ನೆ ನುಂಗಿಹಾಕದೆ, ನೇರವಾಗಿ ನಿರಾಕರಿಸಿದೆ. ನುಂಗಿದರೆ ಫೋನ್ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ನಿರಾಕರಿಸಿದರೆ ತಕ್ಷಣ ತೀರ್ಮಾನಕ್ಕೆ ಬರುತ್ತದೆ: ಇಲ್ಲಿ ಸಂಪರ್ಕ ಇದೆ, ಆದರೆ ಸೀಮಿತ. ಆಂಡ್ರಾಯ್ಡ್ 10ರಿಂದ ಈಚೆಗೆ ಇದಕ್ಕೆ ಪ್ರತ್ಯೇಕ ಸ್ಥಿತಿಯೇ ಇದೆ. ಆಗ ಫೋನ್ "ಹೀಗಿದ್ದರೂ ಸೇರಬೇಕಾ?" ಅಂತ ಕೇಳುತ್ತದೆ. "ಮತ್ತೆ ಕೇಳಬೇಡ" ಅಂತ ಗುರುತು ಹಾಕಿ ಹೌದು ಅಂದರೆ ಮುಗಿಯಿತು.

ಆ ಉತ್ತರವನ್ನು ಫೋನ್ ನೆಟ್‌ವರ್ಕ್ ಹೆಸರಿನ ಜೊತೆ ನೆನಪಿಡುತ್ತದೆ. ಹಾಗಾಗಿ ಎಲ್ಲ ಡಬ್ಬಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ತರಗತಿಗೊಂದು ಚಂದದ ಹೆಸರಿಡುವ ಆಸೆ ಇದ್ದವರು ಡಬ್ಬಿಯ ಮೇಲೆ ಸ್ಟಿಕ್ಕರ್ ಅಂಟಿಸಿಕೊಳ್ಳಿ.

ಐಫೋನ್ ಸುಲಭಕ್ಕೆ ನಂಬಿತು. ಅದು ಕೇಳುವ ಪುಟದಲ್ಲಿ "ಸಕ್ಸೆಸ್" ಅಂತ ಇಂಗ್ಲಿಷ್‌ನಲ್ಲಿ ಇದ್ದರೆ ಸಾಕು. ವಿಂಡೋಸ್‌ಗೂ ಅಂಥದ್ದೇ ಒಂದು ಪಠ್ಯ ಫೈಲ್.

ಇದರ ನಡುವೆ ಮೆಮೊರಿ ಕಾರ್ಡ್ ಕಥೆ. 128 ಜಿಬಿ ಅಂತ ಬರೆದಿದ್ದ ಕಾರ್ಡ್‌ಗೆ ವಿಡಿಯೋ ತುಂಬಿದೆ, ಕಾಪಿ ಆಯಿತು ಅಂತಲೂ ಹೇಳಿತು. ಕಾರ್ಡ್‌ನ ನಿಜವಾದ ಜಾಗ ಪರೀಕ್ಷಿಸುವ ಎಫ್3 ಓಡಿಸಿದರೆ ಅರ್ಧಕ್ಕಿಂತ ಜಾಸ್ತಿ ಜಾಗ ಬರೀ ಬೊಗಳೆ! ಮಾರಿದವನನ್ನು ಕೇಳಿದರೆ "ಫಾರ್ಮ್ಯಾಟ್ ಮಾಡಿ ನೋಡಿ ಸರ್" ಅಂತೆ. ಕಾರ್ಡ್ ಯಾವುದೇ ಇರಲಿ, ಮೊದಲು ಎಫ್3, ಆಮೇಲೆ ಉಳಿದದ್ದು.

ಅಂದಹಾಗೆ, ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ. ಹಳೇ ಫೋನ್‌ನಿಂದ ಡಾಕ್ಯುಮೆಂಟ್ ಕ್ಯಾಮೆರಾ. ಮಗುವಿನ ನೋಟ್‌ಬುಕ್ ಕೆಳಗಿಟ್ಟರೆ ಅದು ಮಾಡಿದ ಭಾಗಾಕಾರ ಗೋಡೆಯ ಮೇಲೆ ಕಾಣಬೇಕು, ಎಲ್ಲಿ ಎಡವಿದೆ ಅಂತ ಇಡೀ ತರಗತಿ ಹುಡುಕಬೇಕು. ಸಿದ್ಧ ವಿಡಿಯೋಗಿಂತ ಇದೇ ಹೆಚ್ಚು ಉಪಯೋಗ ಅಂತ ನನಗೆ ಬಲವಾಗಿ ಅನಿಸುತ್ತಿದೆ. ಸ್ಟ್ಯಾಂಡ್ ಅಲ್ಲಾಡದಂತೆ ಮಾಡುವುದು ಹೇಗೆ, ಗೊತ್ತಿದ್ದವರು ಹೇಳಿ.

ಡಬ್ಬಿಯಲ್ಲಿ ಎರಡು ಕೆಲಸ ಬಾಕಿ. ಪೀರಿಯಡ್ ಮುಗಿದಾಗ ಯಾರೂ ಶಟ್‌ಡೌನ್ ಮಾಡುವುದಿಲ್ಲ, ಪ್ಲಗ್ ಕೀಳುತ್ತಾರೆ. ಅವರನ್ನು ತಿದ್ದುವ ಬದಲು ಸಿಸ್ಟಮ್ ಭಾಗವನ್ನು ಓವರ್‌ಲೇ ಮಾಡಿ (ಪ್ಲಗ್ ಕಿತ್ತರೂ ಕೆಡದಂತೆ, ಬದಲಾವಣೆಗಳು ಕಾರ್ಡ್‌ಗೆ ಹೋಗದೆ ತಾತ್ಕಾಲಿಕ ಮೆಮೊರಿಯಲ್ಲೇ ಇರುವಂತೆ), ಉಳಿಯಬೇಕಾದ ಮಕ್ಕಳ ಕ್ವಿಜ್ ಅಂಕಗಳನ್ನು ಕಾರ್ಡ್‌ನ ಬೇರೆ ಭಾಗಕ್ಕೆ, ಅಂದರೆ ಬೇರೆ ಪಾರ್ಟಿಷನ್‌ಗೆ ಹಾಕುತ್ತಿದ್ದೇನೆ. ಇನ್ನೊಂದು, ಪ್ರೈವೇಟ್ ಡಿಎನ್‌ಎಸ್‌ಗೆ (ವೆಬ್‌ಸೈಟ್ ವಿಳಾಸವನ್ನು ಗುಟ್ಟಾಗಿ ಕೇಳುವ ಫೋನ್ ಸೆಟ್ಟಿಂಗ್) ನಿರ್ದಿಷ್ಟ ಸರ್ವರ್ ಹೆಸರು ಹಾಕಿಟ್ಟ ಫೋನ್‌ಗಳು. ಅವು ನಮ್ಮ ಉತ್ತರವನ್ನು ಕೇಳುವುದೇ ಇಲ್ಲ. ಅದನ್ನು "ಆಟೋಮ್ಯಾಟಿಕ್" ಮಾಡಿಸುವುದು ಬಿಟ್ಟು ಬೇರೆ ದಾರಿ ಸದ್ಯಕ್ಕೆ ಕಂಡಿಲ್ಲ.