ಬೆಳಗಾಗಲಿ, ನೋಡೋಣ

ಕೊಡಗಿನ ಕಕ್ಕಬ್ಬೆ ಕಡೆಯ ಹಿರಿಯರು ಕಾಯಿಲೆ ಬಿದ್ದಾಗ ಮೊದಲು ಕೇಳುವುದು ಜೀಪಿನ ಬಾಡಿಗೆಯನ್ನು. ನೋವು ಎಲ್ಲಿ ಎಂಬುದು ಆಮೇಲಿನ ಮಾತು. 22 ವರ್ಷಗಳಿಂದ ಬಾಡಿಗೆ ಜೀಪು ಓಡಿಸುತ್ತಿದ್ದೇನೆ, ಈ ಸಂಭಾಷಣೆ ನನಗೆ ಬಾಯಿಪಾಠ: "ಎಷ್ಟಾಗುತ್ತದೆ ಮಗನೇ? ಅಷ್ಟಾ? ಬೇಡ, ಬೆಳಗಾಗಲಿ, ನೋಡೋಣ."

ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಜಡಿಮಳೆಯ ತಿಂಗಳಲ್ಲಿ, ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಮ್ಮ ಮೇಲಿನ ತೋಟದ ಅಜ್ಜಿಗೆ 76 ವರ್ಷ, ಹಳೆಯ ಸಕ್ಕರೆ ಕಾಯಿಲೆ. ಸಂಜೆ ಆರಕ್ಕೆ ಹಾಲು ಕರೆದು ಬಂದವರು ಜಗಲಿಯಲ್ಲೇ ಕುಳಿತುಬಿಟ್ಟರಂತೆ. ಎದೆನೋವು ಇಲ್ಲ. ಆ ಚಳಿಯಲ್ಲೂ ಬೆವರು, ಸುಸ್ತು, ದವಡೆ ಹಿಡಿದಂತೆ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗಿದರು. ಕರೆಂಟು ಹೋಗಿ ಮೊಬೈಲ್ ಟವರ್ ಕೂಡ ಸತ್ತಿತ್ತು. ಟವರ್ ಇದ್ದ ದಿನವೂ 108ಕ್ಕೆ ಕರೆ ಮಾಡಲು ಕಾಫಿ ಕಣದ ತುದಿಗೆ ಹತ್ತಬೇಕು. ಅತ್ತಲಿಂದ "ಹತ್ತಿರದ ಗುರುತು ಹೇಳಿ" ಎಂದರೆ ಏನು ಹೇಳುವುದು? ಹಲಸಿನ ಮರವೆಂದೇ?

ಬೆಳಗಿನ ಜಾವ ಮೊಮ್ಮಗ ಟಾರ್ಚ್ ಹಿಡಿದು ನಮ್ಮ ಮನೆಗೆ ನಡೆದು ಬಂದ. ಬೊಳಿಬಾಣೆಯಲ್ಲಿ ರಸ್ತೆಗೆ ನೀರು ಬಂದಿತ್ತು, ಸುತ್ತಿ ಬಳಸಿ ಮಡಿಕೇರಿ ಮುಟ್ಟುವಾಗ ಎಂಟೂವರೆ. ಇಸಿಜಿ ನೋಡಿದ ವೈದ್ಯರು ಹೃದಯಾಘಾತ ಎಂದರು. ಸಕ್ಕರೆ ಕಾಯಿಲೆಯ ವೃದ್ಧರಿಗೆ ಎದೆನೋವೇ ಇಲ್ಲದೆ ಹೀಗಾಗುವುದುಂಟಂತೆ. "ಶುರುವಾದದ್ದು ಯಾವಾಗ?" ಎಂದು ಕೇಳಿದರು. ನಿನ್ನೆ ಸಂಜೆ ಎಂದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಗ ಕೊಟ್ಟಷ್ಟೂ ಒಳ್ಳೆಯದು, 12 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡುವುದಿಲ್ಲ ಎಂದು ವಿವರಿಸಿ, ಮೈಸೂರಿಗೆ ಕಳುಹಿಸಿದರು. ಇನ್ನೂ ಸುಮಾರು 120 ಕಿಲೋಮೀಟರ್. ಅಜ್ಜಿ ಬದುಕಿ ಬಂದರು. ಆದರೆ ಮೊದಲಿನಂತೆ ಏರು ಹತ್ತಲಾರರು.

2019ರಲ್ಲಿ ಕೊಡಗಿಗೆ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಅಭಿಯಾನ ನಡೆದಾಗ ಮಗನಿಂದ ನಾನೂ ಒಂದು ಸಾಲು ಬರೆಸಿದ್ದೆ. ಬೇಕು, ಅನುಮಾನವಿಲ್ಲ. ಆದರೆ ಆಸ್ಪತ್ರೆಯ ಬಾಗಿಲಿಗಿಂತ ಮೊದಲು ಕೊಟ್ಟಿಗೆಯ ಬಾಗಿಲು ದಾಟಬೇಕಲ್ಲ. ಹಸು ಯಾರು ಕರೆಯುತ್ತಾರೆ, ನಾಯಿಗೆ ಯಾರು ಅನ್ನ ಹಾಕುತ್ತಾರೆ ಎಂಬ ಲೆಕ್ಕದಲ್ಲೇ ಅರ್ಧ ರಾತ್ರಿ ಹೋಗುತ್ತದೆ.

ಬೆಂಗಳೂರಿನಲ್ಲಿ ಅಕ್ಕನ ಮನೆಗೆ ಹೋದಾಗ ಕಂಡದ್ದು ಇದರ ತಿರುವು ಮುರುವು. ಪಕ್ಕದ ಮನೆಯ 80 ದಾಟಿದ ಅಮ್ಮ ರಾತ್ರಿ ಹತ್ತಕ್ಕೆ ಬಿಪಿ ಯಂತ್ರದಲ್ಲಿ 160 ನೋಡಿ ಗಾಬರಿಯಾಗಿ, ಅಕ್ಕನನ್ನು ಕರೆದುಕೊಂಡು ಆಟೋದಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರು. ಹತ್ತು ನಿಮಿಷದ ದಾರಿ. ಇಸಿಜಿ ಸರಿಯಿತ್ತು, ಒಂದು ಗಂಟೆಗೆ ಮನೆಗೆ ಬಂದರು. ಆ ತಿಂಗಳಲ್ಲಿ ಎರಡನೆಯ ಸಲವಂತೆ. ನಾನು ನಕ್ಕೆ. ಅಕ್ಕ ಗದರಿದಳು: "ಮಗ ಅಮೆರಿಕದಲ್ಲಿ. ಆ ಹೊತ್ತಿಗೆ ಅವರಿಗೆ ತೆರೆದಿರುವ ಬಾಗಿಲು ಅದೊಂದೇ ಕಣೋ." ಆಮೇಲೆ ನನಗೆ ನಗು ಬರಲಿಲ್ಲ. ನಮ್ಮ ಅಜ್ಜಿಗೆ ಆ ಅಮ್ಮನ ಗಾಬರಿಯಲ್ಲಿ ಕಾಲು ಭಾಗ ಇದ್ದಿದ್ದರೆ ಎಂದೂ ಅನ್ನಿಸಿತು.

ಈಗ ಸಕ್ಕರೆ ಕಾಯಿಲೆಯವರು ಸುಮ್ಮನೆ ಬೆವರುತ್ತಿದ್ದಾರೆ ಎಂದು ಕೇಳಿದರೆ ಸಾಕು, "ಹೋಗೋಣವೇ" ಎಂದು ನಾನು ಕೇಳುವುದಿಲ್ಲ, ಜೀಪನ್ನು ಅಂಗಳಕ್ಕೇ ತರುತ್ತೇನೆ. ಬಾಡಿಗೆ ಕರಿಮೆಣಸು ಮಾರಿದ ಮೇಲೆ ಕೊಡಲಿ. ಅಜ್ಜಿ ಹಸುವನ್ನು ಮಾರಿದ್ದಾರೆ. ತಿಂಗಳ ತಪಾಸಣೆಗೆ ಕರೆದುಕೊಂಡು ಹೋಗುವಾಗ ಎಷ್ಟಾಗುತ್ತದೆ ಎಂದು ಈಗಲೂ ಕೇಳುತ್ತಾರೆ, ಜೀಪು ಹತ್ತಿ ಕುಳಿತ ಮೇಲೆ.