ಕಡಪಾ ಕಲ್ಲಿನ ಮೇಲೆ ಕಡಲೆ ಬೇರು: 19ನೇ ದಿನ

ಕಡಲೆ ಬೇರು ಸಿಟ್ರಿಕ್ ಆಮ್ಲ (ನಿಂಬೆಯಲ್ಲಿರುವ ಹುಳಿ) ಬಿಡುತ್ತದೆ ಅನ್ನುವುದನ್ನು ಮನೆಯಲ್ಲೇ ನೋಡೋಣ ಅಂತ, ಬಕೆಟ್ಟಿನ ಮರಳಲ್ಲಿ ಪಾಲಿಶ್ ಕಲ್ಲಿಟ್ಟು ಕಡಲೆ ಬೆಳೆಸಿದ್ದೆ. ಬೆಳಿಗ್ಗೆ ಆ ಮರಳು ಸುರಿದೆ. ಕಡಲೆ ಗಿಡಗಳ ಬೇರು ಕಲ್ಲಿಗೆ ಅಂಟಿಕೊಂಡಿತ್ತು. ಬಿಡಿಸಿ, ತೊಳೆದು, ಒರೆಸಿ, ಟಾರ್ಚ್ ಓರೆಯಾಗಿ ಹಿಡಿದರೆ ಕಪ್ಪು ಹೊಳಪಿನ ಮೇಲೆ ಮಂಕು ಗೆರೆಗಳು! ತಾಯಿಬೇರು ಇಳಿದ ದಾರಿ, ಕವಲೊಡೆದ ಜಾಗ, ಎರಡೂ ಕಾಣುತ್ತವೆ.

ಅಡುಗೆ ಕಟ್ಟೆ ಮಾಡಿಸಿದಾಗ ಉಳಿದಿದ್ದ ತುಂಡು ಇದು. ಕಡಪಾ ಅಂದರೆ ಸುಣ್ಣದ ಕಲ್ಲು, ಹುಳಿ ತಾಗಿದರೆ ಸವೆಯುತ್ತದೆ. ನಿಂಬೆರಸ ಚೆಲ್ಲಿದರೆ ಅಮ್ಮ ಬೈಯುವುದು ಅದಕ್ಕೇ. 1860ರ ದಶಕದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ ಪಾಲಿಶ್ ಮಾಡಿದ ಅಮೃತಶಿಲೆಯ ಮೇಲೆ ಇದನ್ನೇ ಮಾಡಿ ನೋಡಿದ್ದರು. ನನ್ನ ಇನ್ನೊಂದು ಬಕೆಟ್ಟಿನಲ್ಲಿ ಗ್ರಾನೈಟ್ ಇತ್ತು, ಅದಕ್ಕೆ ಏನೂ ಆಗಿಲ್ಲ. ಬೀಜ ಹಾಕದೆ ಒದ್ದೆ ಮರಳಲ್ಲಿಟ್ಟ ಕಡಪಾ ಕೂಡ ಮೊದಲಿನಂತೆಯೇ ಹೊಳೆಯುತ್ತಿದೆ.

ಆದರೂ ಕುಣಿದಾಡುವಂತಿಲ್ಲ. ಬೇರು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರಲ್ಲಿ ಕರಗಿದರೂ ಸುಣ್ಣದ ಕಲ್ಲು ಸವೆಯುತ್ತದೆ. ಈ ಗೆರೆ ನೋಡಿ ಸಿಟ್ರಿಕ್ ಆಮ್ಲ ಅಂತ ಹೇಳಲಾಗದು.

ಬಣ್ಣದ ಪರೀಕ್ಷೆಯದ್ದೂ ಅದೇ ಕಥೆ. ಚೈನಾ ಗ್ರಾಸ್ ಕುದಿಸಿ, ಹುಳಿ ತಾಗಿದರೆ ನೇರಳೆಯಿಂದ ಹಳದಿಗೆ ತಿರುಗುವ ಬ್ರೋಮೋಕ್ರೆಸಾಲ್ ಪರ್ಪಲ್ ಬಣ್ಣ ಬೆರೆಸಿ ಮೊಳಕೆಗಳ ಮೇಲೆ ಸುರಿದೆ. ಮೊದಲ ಸಲ ಬಿಸಿ ಆರುವಷ್ಟು ತಾಳ್ಮೆ ಇರಲಿಲ್ಲ, ಬೇರು ಬೆಂದೇಹೋಯಿತು. ಎರಡನೇ ಸಲ ಬೋರ್‌ವೆಲ್ ನೀರು. ಅದರ ಬೈಕಾರ್ಬೊನೇಟ್ ಹುಳಿಯನ್ನೆಲ್ಲ ನುಂಗಿತೋ ಏನೋ, ನೇರಳೆ ಕದಲಲಿಲ್ಲ. ಬ್ಯಾಟರಿ ನೀರಿನಲ್ಲಿ (ಲವಣ ತೆಗೆದ ನೀರು) ಮಾಡಿದ ಮೂರನೇ ತಟ್ಟೆಯಲ್ಲಿ ಸಂಜೆಯೊಳಗೆ ಬೇರಿನ ಸುತ್ತ ಹಳದಿ. ಪಿಎಚ್ ಇಳಿದಿದೆ, ಅಂದರೆ ಹುಳಿ ಹೆಚ್ಚಿದೆ ಅನ್ನುವುದಷ್ಟೇ ಇದರಿಂದ ಗೊತ್ತಾಗುವುದು.

ಜೀವಕೋಶದೊಳಗೆ ಪಿಎಚ್ 7ರ ಆಸುಪಾಸು (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಇರುವುದರಿಂದ ಸಿಟ್ರಿಕ್ ಆಮ್ಲ ಅಲ್ಲಿಂದ ಹೊರಡುವುದೇ ಪ್ರೋಟಾನ್ (ಹುಳಿ ಕೊಡುವ ಹೈಡ್ರೋಜನ್ ಅಯಾನು) ಕಳೆದುಕೊಂಡ ಸಿಟ್ರೇಟ್ ರೂಪದಲ್ಲಿ. ಹುಳಿ ಮಾಡುವುದು ಬೇರು ಬೇರೆಯಾಗಿ ಪಂಪ್ ಮಾಡುವ ಪ್ರೋಟಾನ್. ಸಿಟ್ರೇಟಿನ ಕಸುಬು ಬೇರೆ: ಕ್ಯಾಲ್ಸಿಯಂ, ಕಬ್ಬಿಣಗಳನ್ನು ತಬ್ಬಿಕೊಂಡು, ಅವು ಹಿಡಿದಿಟ್ಟ, ಗಿಡಕ್ಕೆ ಬೇಕಾದ ರಂಜಕವನ್ನು ಬಿಡಿಸುವುದು. ಕಡಲೆ ಬೆಳೆಯುವ ಎರೆಮಣ್ಣಲ್ಲಿ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಜೊತೆಗೆ, ಕೆಂಪು ಮಣ್ಣಲ್ಲಿ ಕಬ್ಬಿಣದ ಜೊತೆಗೆ. ಕಬ್ಬಿಣದ ಬೀಗಕ್ಕೆ ತೊಗರಿ ಬೇರಿನ ಬಳಿ ಪಿಸಿಡಿಕ್ ಆಮ್ಲ ಅನ್ನುವ, ಕಬ್ಬಿಣ ಹಿಡಿಯುವ ಇನ್ನೊಂದು ಆಮ್ಲವಿದೆ. ಹೈದರಾಬಾದ್ ಹತ್ತಿರದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನಡೆದ ಈ ಕೆಲಸ 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ನಮ್ಮ ಕಲಬುರಗಿ ತೊಗರಿ ಮಾತ್ರ ಬಹುಪಾಲು ಕಪ್ಪು ಮಣ್ಣಿನದ್ದೇ, ಅದು ಬೇರೆ ಮಾತು.

ಹಾಗಾಗಿ ಮುಂದಿನ ಸುತ್ತಿನಲ್ಲಿ ಕಲ್ಲಿಲ್ಲ. ಬಟ್ಟೆಯ ತುಕ್ಕಿನ ಕಲೆಗೆ ನಿಂಬೆಹಣ್ಣು ಉಜ್ಜುತ್ತೇವಲ್ಲ, ಅದೂ ಕಬ್ಬಿಣ ಹಿಡಿಯುವ ಕೆಲಸವೇ. ಹಳೇ ಬಿಳಿ ಪಂಚೆಯ ತುಂಡಿಗೆ ಮೊಳೆಗಳನ್ನು ಸುತ್ತಿ ಉಪ್ಪುನೀರಲ್ಲಿ ಇಟ್ಟಿದ್ದೇನೆ, ತುಕ್ಕು ಚೆನ್ನಾಗಿ ಹತ್ತಲಿ. ಅದರ ಮೇಲೆ ಹಬ್ಬಿದ ತೊಗರಿ ಬೇರಿನ ಕೆಳಗೆ ಬಿಳಿ ಗೆರೆ ಮೂಡುತ್ತದೋ ನೋಡಬೇಕು. ಪಂಚೆ ಯಾರದು ಅಂತ ಅಪ್ಪ ಇನ್ನೂ ಕೇಳಿಲ್ಲ.