ಹ್ಯಾಕ್ಯಾಟ್ ಲಾಗ್: ಏನೂ ಹಾಕದ ವೆಲ್‌ನಲ್ಲೂ ಐಎಲ್-8!

ಅಂತೂ ಹ್ಯಾಕ್ಯಾಟ್ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಚರ್ಮಕೋಶ) ಪ್ರಯೋಗದಲ್ಲಿ ಕಂಟ್ರೋಲ್ ವೆಲ್‌ಗಳ, ಅಂದರೆ ಹೋಲಿಕೆಗೆಂದು ಏನೂ ಹಾಕದೆ ಬಿಟ್ಟ ಪ್ಲೇಟಿನ ಗುಳಿಗಳ, ಗಲಾಟೆ ಅಡಗಿತು. ಟಿಎನ್‌ಎಫ್-ಆಲ್ಫಾ, ಇಂಟರ್‌ಫೆರಾನ್-ಗಾಮಾ ಎಂಬ ಉರಿಯೂತ ಕೆರಳಿಸುವ ಸೈಟೊಕೈನ್ (ಕೋಶಗಳ ಸಂಕೇತ ಪ್ರೋಟೀನ್) ಎರಡನ್ನೂ ಮಿ.ಲೀ.ಗೆ 10 ನ್ಯಾನೊಗ್ರಾಂನಂತೆ ಹಾಕಿದ ಕೋಶಗಳು 24 ಗಂಟೆಯಲ್ಲಿ ಐಎಲ್-8 ಎಂಬ ಉರಿಯೂತದ ಸಂಕೇತ ಸುರಿಸುವುದು ಸರಿಯೇ. ಏನೂ ಹಾಕದ ವೆಲ್ ಕೂಡ ಎಲೈಸಾದಲ್ಲಿ (ಪ್ರೋಟೀನ್ ಪ್ರಮಾಣವನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಗಾಢ ಹಳದಿಯಾದರೆ ಹೋಲಿಸುವುದು ಯಾವುದರ ಜತೆ?

ಮೊದಲ ಅನುಮಾನ ಕೋಶಗಳಿಗೆ ಹಾಕುವ ಸೀರಂನಲ್ಲಿನ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಮೇಲೆ. ಲಾಟ್ ಬದಲಿಸಿದರೂ ಅದೇ ರಾಗ. ಕೋಶಗಳಿಗೆ ಗುಟ್ಟಾಗಿ ಸೇರುವ ಮೈಕೊಪ್ಲಾಸ್ಮಾ ಬ್ಯಾಕ್ಟೀರಿಯಾದ ಪಿಸಿಆರ್ ನೆಗೆಟಿವ್. ಗುಟ್ಟು ರಟ್ಟು ಮಾಡಿದ್ದು ಐಎಲ್-1 ರಿಸೆಪ್ಟರ್ ಆಂಟಗೊನಿಸ್ಟ್, ಅಂದರೆ ಐಎಲ್-1 ಎಂಬ ಇನ್ನೊಂದು ಸೈಟೊಕೈನ್ ಕೋಶಕ್ಕೆ ತಾಗದಂತೆ ತಡೆಯುವ ಪ್ರೋಟೀನ್. ಅದನ್ನು ಹಾಕಿದ ಕಂಟ್ರೋಲ್‌ಗಳಲ್ಲಿ ಐಎಲ್-8 ಕುಸಿಯಿತು. ಕೆರಟಿನೊಸೈಟ್‌ಗಳು (ಹ್ಯಾಕ್ಯಾಟ್‌ನಂಥ ಚರ್ಮದ ಹೊರಪದರದ ಕೋಶಗಳು) ಐಎಲ್-1 ಆಲ್ಫಾವನ್ನು ಮೊದಲೇ ತಯಾರಿಸಿ ಒಳಗಿಟ್ಟುಕೊಂಡಿರುತ್ತವೆ. ಪೊರೆ ಹರಿದರೆ ಅದು ಸೋರಿ, ಪಕ್ಕದ ಕೋಶಗಳಲ್ಲಿ ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿಯನ್ನು ಬಡಿದೆಬ್ಬಿಸುತ್ತದೆ; ಅದರಿಂದಲೇ ಐಎಲ್-8.

ಪೊರೆ ಹರಿಯುತ್ತಿದ್ದದ್ದು ಬೆಳೆದ ಪಾತ್ರೆಯ ತಳದಿಂದ ಕೋಶ ಬಿಡಿಸುವ ಹಂತದಲ್ಲಿ. 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇರುವ ಡಿಎಂಇಎಂ ಮೀಡಿಯಂನಲ್ಲಿ (ಕೋಶ ಬೆಳೆಸುವ ಪೋಷಕ ದ್ರವ) ಹ್ಯಾಕ್ಯಾಟ್ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಹಿಡಿತ ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ ಒಂದನ್ನೇ ಸುರಿದು ಕಾದು ಕೂತರೆ ಅಂಚಿನವು ಸಾಯುತ್ತವೆ, ನಡುವಿನ ಹಾಳೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಮೇಲೆ ಪಿಪೆಟ್‌ನಿಂದ ರಭಸವಾಗಿ ಹೊಡೆದರೆ ಮುಗಿಯಿತು.

ಈಗಿನ ಕ್ರಮ ಇದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಪಿಬಿಎಸ್‌ (ಉಪ್ಪಿನ ದ್ರಾವಣ) ಹಾಕಿ ಎರಡು ಸಲ ತೊಳೆದು, 37 ಡಿಗ್ರಿಯಲ್ಲಿ ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಶೇ 0.05, 10 ನಿಮಿಷ. ಕೋಶಗಳ ನಡುವೆ ಹೊಳೆಯುವ ಗೆರೆ ಬಿಟ್ಟ ಮೇಲಷ್ಟೇ ಟ್ರಿಪ್ಸಿನ್, ಅದೂ 3 ನಿಮಿಷ. ಸೀರಂ ಮೀಡಿಯಂ ಹಾಕಿ ನಿಲ್ಲಿಸಿ, 200 ಜಿಯಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ದ್ರವ ಚೆಲ್ಲಲೇಬೇಕು. ಸೋರಿದ ಐಎಲ್-1 ಆಲ್ಫಾ ಇರುವುದು ಅದರಲ್ಲೇ. ಪ್ಲೇಟಿಗೆ ಹಾಕಿದ ಮರುದಿನ ಮೀಡಿಯಂ ಬದಲಿಸಿ, ಇನ್ನೊಂದು ದಿನ ಅವುಗಳ ಪಾಡಿಗೆ ಬಿಟ್ಟು, ಆಮೇಲೆ ಸೈಟೊಕೈನ್. ಮೀಡಿಯಂ ಎಳೆಯುವಾಗ ಟಿಪ್ ಗೋಡೆಗೆ ತಾಗಿರಲಿ. ತಳದಲ್ಲಿ ಒಂದು ಗೀರು ಬಿದ್ದರೂ ಆ ವೆಲ್ ಕೆಟ್ಟ ಹಾಗೆ.

ಇನ್ನು ಪೂರೈಕೆದಾರರ ಮಹಿಮೆ. ಸೈಟೊಕೈನ್ ಪುಡಿ ಕಣ್ಣಿಗೇ ಕಾಣದು, ಸಾಗಣೆಯಲ್ಲಿ ಮುಚ್ಚಳಕ್ಕೆ ಅಂಟಿರುತ್ತದೆ. ತೆರೆಯುವ ಮುನ್ನ ತಿರುಗಿಸಿ ಎಂಬ ಸೂಚನೆ ಮಾತ್ರ ಹಾಳೆಯ ಕೊಟ್ಟಕೊನೆಗೆ, ಭೂತಗನ್ನಡಿ ಬೇಕಾದಷ್ಟು ಸಣ್ಣ ಅಕ್ಷರದಲ್ಲಿ. ದ್ರಾವಣ ತೆಳುಗೊಳಿಸುವಾಗ ಶೇ 0.1 ಬಿಎಸ್‌ಎ (ಗೋಡೆಗೆ ಅಂಟದಂತೆ ಕಾಯುವ ಪ್ರೋಟೀನ್) ಮರೆತರೆ ಉಳಿದದ್ದು ಟ್ಯೂಬಿನ ಗೋಡೆಗೆ ಅರ್ಪಣೆ.

ಮುಂದಿನ ಸರದಿ ಕೋಶಗಳಿಗೆ ಯುವಿಬಿ (ಒಂದು ಬಗೆಯ ಅತಿನೇರಳೆ ಕಿರಣ) ಬಿಡುವುದು. ಪಾಲಿಸ್ಟೈರೀನ್ ಮುಚ್ಚಳ ಅದನ್ನು ಬಹುಪಾಲು ತಡೆಯುವುದರಿಂದ ಮುಚ್ಚಳ ತೆಗೆದು, ತೆಳು ಪಿಬಿಎಸ್ ಪದರದಡಿ ಚ.ಸೆಂ.ಮೀ.ಗೆ 20 ಮಿಲಿಜೂಲ್‌ನಿಂದ ಶುರು. ಕಂಟ್ರೋಲ್‌ಗೂ ಅಷ್ಟೇ ಹೊತ್ತು ಪಿಬಿಎಸ್, ಮೇಲೆ ಅಲ್ಯೂಮಿನಿಯಂ ಹಾಳೆ. ಡಿಎನ್‌ಎ ಹಾನಿಗೆ ಸ್ಪಂದಿಸುವ ಪಿ53 ಹ್ಯಾಕ್ಯಾಟ್‌ನಲ್ಲಿ ಮ್ಯುಟೇಶನ್ ಆಗಿರುವಂಥದ್ದು, ಆ ದಾರಿ ನೋಡಲು ಪ್ರೈಮರಿ ಕೋಶಗಳೇ (ಚರ್ಮದಿಂದ ನೇರವಾಗಿ ತೆಗೆದವು) ಬೇಕು. ಅವುಗಳ ಮೀಡಿಯಂ ಸಪ್ಲಿಮೆಂಟ್‌ನಲ್ಲಿ ಸಾಮಾನ್ಯವಾಗಿ ಹೈಡ್ರೊಕಾರ್ಟಿಸೋನ್ ಇರುತ್ತದೆ. ಅದು ಉರಿಯೂತವನ್ನೇ ಅದುಮಿಬಿಡುವುದರಿಂದ ಹಿಂದಿನ ದಿನವೇ ಅದಿಲ್ಲದ ಮೀಡಿಯಂಗೆ ಬದಲಿಸಬೇಕು.